ಫೈನಲ್‌ನ ಹಿಂದಿನ ದಿನ

ಚರ್ಚಿನ ಮೆಟ್ಟಿಲಿಳಿಯುವಾಗ ಶವಪೆಟ್ಟಿಗೆ ಎಡಕ್ಕೆ ವಾಲಿತು. ಹಿಂದಿದ್ದವರು ಹೆಗಲು ಕೊಟ್ಟು ತಡೆದರು. ಮುಂದೆ ಹಿಡಿದಿದ್ದ ಕ್ಯಾಲಮ್, ಊರ ಫುಟ್‌ಬಾಲ್ ತಂಡದ ನಾಯಕ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತುಬಿಟ್ಟಿದ್ದ.

"ಯಾವ ಕಡೆ ಹೋಗ್ಬೇಕು?" ಎಂದ.

ತೀರಿಕೊಂಡ ಡಾಕ್ಟರ್ ನೊರೀನ್ ಟಲಕ್‌ಳ ಗಂಡ ಮರ್ವಿನ್, ಎದುರಿಗೇ ನಿಂತಿದ್ದ ಕರಿ ಕಾರು ತೋರಿಸಿದ. ಕೆಳಗಿನ ಮೆಟ್ಟಿಲಿಗೆ ಬಂದಾಗ ಕ್ಯಾಲಮ್ ಮತ್ತೆ ಕೇಳಿದ. ಅದೇ ಮಾತು, ಅದೇ ದನಿ.

ಮರ್ವಿನ್ ಅವನ ಮುಖವನ್ನೇ ದಿಟ್ಟಿಸಿದ. ತಂಡದ ಡಾಕ್ಟರಾಗಿದ್ದ ಹೆಂಡತಿಯ ಜೊತೆ ಎಷ್ಟೋ ವರ್ಷ ಮೈದಾನದ ಗೆರೆಯ ಪಕ್ಕ ನಿಂತವನಿಗೆ ಇದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಮಣ್ಣು ಹಾಕಿ ಮುಗಿದ ಮೇಲೆ ಅವನು ಕ್ಯಾಲಮ್‌ನ ಅಪ್ಪ, ಕ್ಲಬ್ಬಿನ ಅಧ್ಯಕ್ಷ ಡೆಸ್‌ನನ್ನು ಪಕ್ಕಕ್ಕೆ ಕರೆದು, ಹುಡುಗನ ತಲೆಗೇನಾದರೂ ಪೆಟ್ಟು ಬಿತ್ತೇ ಎಂದು ಕೇಳಿದ. ನಿನ್ನೆ ಸಂಜೆ ಅಭ್ಯಾಸದಲ್ಲಿ ಯಾರದೋ ಮೊಣಕಾಲು ತಗುಲಿತ್ತು, ಮಲಗಿ ಎದ್ದು ಸರಿಹೋದ ಎಂದ ಡೆಸ್.

"ನಾಳೆ ಫೈನಲ್ ಇದೆ, ಮರ್ವ್. ಇವತ್ತಾದ್ರೂ ಡಾಕ್ಟರಿಕೆ ಬಿಡು. ಡಾಕ್ಟ್ರೇ ಹೋದ್ರು."

*

ಹಿಂದೊಂದು ಫೈನಲ್‌ನಲ್ಲಿ ಡೆಸ್ಸೇ ನಾಯಕನಾಗಿದ್ದ. ಡಿಕ್ಕಿ ಹೊಡೆದು ಬಿದ್ದು ಎದ್ದವನನ್ನು ನೊರೀನ್, ಇವತ್ತು ಎದುರಾಳಿ ಯಾರು ಎಂದು ಕೇಳಿದಳು. ಅವನು ನಗುತ್ತ ಹೋದ ವಾರದ ತಂಡದ ಹೆಸರು ಹೇಳಿದ. ಅವಳು ತೋಳು ಹಿಡಿದು ಹೊರಗೆ ಕರೆತಂದಳು. ಬೇಲಿಯಾಚೆ ಕಾರುಗಳಲ್ಲಿ ಕೂತು ನೋಡುತ್ತಿದ್ದವರೆಲ್ಲ ಸಿಟ್ಟಿಗೆದ್ದು ಹಾರ್ನ್ ಹೊಡೆದರು. ತಂಡ ಸೋತಿತು. ತಿಂಗಳುಗಟ್ಟಲೆ ಅವಳ ಕ್ಲಿನಿಕ್ಕಿನ ಬೆಂಚು ಖಾಲಿ ಇತ್ತು.

ಅವಳು ಊರು ಬಿಡಲಿಲ್ಲ. ಪೆಟ್ಟಾದ ಮೇಲೆ ಹೋಲಿಸಿ ನೋಡಲೆಂದು, ಆಟದ ಕಾಲ ಶುರುವಾಗುವ ಮೊದಲೇ ಪ್ರತಿಯೊಬ್ಬನ ನೆನಪನ್ನೂ ಚುರುಕನ್ನೂ ಅಳೆಯತೊಡಗಿದಳು. ಆಟಗಾರರು ಬೇಕೆಂದೇ ನಿಧಾನವಾಗಿ ಉತ್ತರಿಸಿದರು. ಆಗಲೇ ಮಂಕಾಗಿ ಕಂಡರೆ ಮುಂದೆ ಪೆಟ್ಟು ಬಿದ್ದರೂ ಗೊತ್ತಾಗುವುದಿಲ್ಲವಲ್ಲ.

"ಎಲ್ಲರೂ ಒಂದೇ ದಿನ ದಡ್ಡರಾಗೋಕೆ ಆಗಲ್ಲ ಕಣ್ರೋ," ಎಂದು ಮತ್ತೆ ಕೂರಿಸಿದಳು. ಅವರ ಆ ನಾಟಕವನ್ನು ಹಿಡಿಯುವ ದಾರಿಯನ್ನೂ ಕಂಡುಕೊಂಡಳು. ಅವಳ ಪರೀಕ್ಷೆಯನ್ನು ಕಲಿಯಲು ಮೆಲ್ಬರ್ನಿನಿಂದ ಡಾಕ್ಟರುಗಳು ಬಂದರು. ಡೆಸ್ ಮಾತ್ರ ಅವಳ ಜೊತೆ ಮತ್ತೆ ಮಾತಾಡಲಿಲ್ಲ.

*

ಚರ್ಚಿನ ಹಾಲ್‌ನಲ್ಲಿ ಚಹಾ, ಸ್ಯಾಂಡ್‌ವಿಚ್ ಹಂಚುತ್ತಿದ್ದರು. ಮರ್ವಿನ್ ನೇರ ಡೆಸ್‌ನ ಎದುರು ಹೋಗಿ ನಿಂತ.

"ನಾಳೆ ಅವನು ಆಡಬಾರ್ದು. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು."

ಚಹಾ ಹಂಚುತ್ತಿದ್ದವರು ತಿರುಗಿ ನೋಡಿದರು.

"ಅದನ್ನ ಹೇಳೋಕೆ ನೀನ್ಯಾರು?" ಡೆಸ್‌ನ ಕುತ್ತಿಗೆ ಕೆಂಪಾಗಿತ್ತು.

"ಯಾರೂ ಅಲ್ಲ. ಹೇಳೋಳನ್ನ ಈಗ ತಾನೆ ಮಣ್ಣು ಮಾಡಿ ಬಂದ್ವಿ."

ಡೆಸ್ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಕ್ಯಾಲಮ್ ತಟ್ಟೆ ಹಿಡಿದು ಇಬ್ಬರ ನಡುವೆ ಬಂದು, ಹಾಲ್‌ನ ತುಂಬ ಕಣ್ಣಾಡಿಸಿದ.

"ಅಪ್ಪ, ಡಾಕ್ಟರ್ ಇನ್ನೂ ಬರ್ಲಿಲ್ವಾ? ನಾಳೆ ಆಡ್ಬೋದಾ ಅಂತ ಅವರನ್ನ ಕೇಳ್ಬೇಕಿತ್ತು."

ಡೆಸ್ ಮಗನ ಮುಖವನ್ನು ನೋಡುತ್ತಲೇ ನಿಂತ. ಆಮೇಲೆ ಅವನ ಕೈಯಿಂದ ತಟ್ಟೆ ತೆಗೆದಿಟ್ಟ.

ಹೊರಗೆ ಕ್ಯಾಲಮ್ ಅಭ್ಯಾಸಬಲದಿಂದ ಕಾರಿನ ಸ್ಟಿಯರಿಂಗ್ ಕಡೆಯ ಬಾಗಿಲಿಗೆ ಹೋದ. ಡೆಸ್ ಅವನ ಭುಜ ಹಿಡಿದು ಆಚೆ ಬದಿಗೆ ನಡೆಸಿ ಕೂರಿಸಿದ. ಬಗ್ಗಿ, ಆ ಅಗಲ ಎದೆಯ ಮೇಲೆ ಸೀಟ್‌ಬೆಲ್ಟ್ ಎಳೆದ. ಕೊಂಡಿ ಎಷ್ಟು ಹೊತ್ತಾದರೂ ಕೂರಲೊಲ್ಲದು.