ದಿಲೀಪನ ನೀಲಿ ಪೆಟ್ಟಿಗೆಗಳು

ಕಿರಂಗೂರಿನ ದಿಲೀಪನಿಗೆ ಬೈಕಿನಲ್ಲಿ ಊರೂರು ಸುತ್ತುವ ಹುಚ್ಚು ಹತ್ತಿದ್ದು ಮೊಬೈಲ್ ನೋಡಿ. ಅದರಲ್ಲಿ ಕಾಣುವವರ ಬೈಕುಗಳಿಗೆಲ್ಲ ಎರಡೂ ಬದಿಗೆ ಗಟ್ಟಿ ಪೆಟ್ಟಿಗೆ. ಅಂಗಡಿಯಲ್ಲಿ ಬೆಲೆ ಕೇಳಿ ತೆಪ್ಪಗೆ ಹೊರಬಂದವನು ತಾನೇ ಮಾಡಿಕೊಳ್ಳುವುದೆಂದು ತೀರ್ಮಾನಿಸಿದ.

ಗುಜರಿಯಿಂದ ಎರಡು ದೊಡ್ಡ ನೀಲಿ ಪ್ಲಾಸ್ಟಿಕ್ ಕ್ಯಾನು ತಂದು, ಬದಿ ಕೊಯ್ದು ಬಾಗಿಲು ಮಾಡಿ, ಚಿಲಕ ಜಡಿದ. ನೀರು ನುಗ್ಗದಂತೆ ಅಂಚಿಗೆ ಹಳೇ ಸೈಕಲ್ ಟ್ಯೂಬು ಸೀಳಿ ಅಂಟಿಸಿದ. ಪಾಂಡವಪುರದಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟಿನೊಳಗೆ ಎರಡನ್ನೂ ಕೂರಿಸಿದ.

ಹೆಂಡತಿ ಅರ್ಪಿತ ಬೈಕಿಗೆ ಒಂದು ಸುತ್ತು ಬಂದು, "ಏನ್ರೀ, ಯಾಪಾರ ಗೀಪಾರ ಶುರು ಮಾಡೀರಾ?" ಎಂದಳು. ದಿಲೀಪ ಚಿಲಕವನ್ನು ಇನ್ನೊಮ್ಮೆ ಹಾಕಿ ತೆಗೆದು ನೋಡಿದ.

ಮೊದಲ ಸವಾರಿ ಹೊಣಕೆರೆಯ ಮಾವನ ಮನೆಗೆ. ಸುತ್ತುದಾರಿಯಾದರೂ ಗೋವಿಂದನಹಳ್ಳಿ ದೇವಸ್ಥಾನ ನೋಡಿಕೊಂಡು ಹೋಗುವುದೆಂದಾಯಿತು. ಒಂದು ಪೆಟ್ಟಿಗೆಯಲ್ಲಿ ಬಟ್ಟೆ. ಇನ್ನೊಂದರಲ್ಲಿ ಅತ್ತೆಗೆಂದು ಕೆ.ಆರ್. ಪೇಟೆಯಲ್ಲಿ ಕಟ್ಟಿಸಿಕೊಂಡ ಜಿಲೇಬಿ.

ಗೋವಿಂದನಹಳ್ಳಿಯಲ್ಲಿ ಬೈಕು ನಿಲ್ಲಿಸುವುದೇ ತಡ, ಅಜ್ಜಿಯೊಬ್ಬಳು ಪಾತ್ರೆ ಹಿಡಿದು ಬಿರಬಿರನೆ ಬಂದಳು.

"ಜಿಲೇಬಿ ಐತೇನಪ್ಪಾ?"

ದಿಲೀಪ ಬೆಚ್ಚಿದ. ವಾಸನೆ ಹೊರಗೆ ಬರುತ್ತಿದೆಯೆಂದರೆ ಟ್ಯೂಬು ಸರಿಯಾಗಿ ಅಂಟಿಲ್ಲ!

"ಐತೆ ಕಣಜ್ಜಿ. ನಿಂಗೆಂಗೆ ಗೊತ್ತಾತು?"

"ಡಬ್ಬ ನೋಡುದ್ರೆ ಗೊತ್ತಾಗಕಿಲ್ವಾ? ಇವತ್ತಿಂದಾ?"

"ಈಗ್ತಾನೆ ಎಣ್ಣೆಯಿಂದ ತೆಗ್ದುದ್ದು. ಬಿಸಿ ಐತೆ."

"ಅಯ್ಯೋ, ಉರ್ದುಬುಟ್ಟೇ ತಂದಿದ್ದೀಯಾ? ನಂಗೆ ಸಾರಿಗೆ ಬೇಕಿತ್ತು. ದಪ್ಪವು ಇದ್ರೆ ಕೊಡು, ಮುಳ್ಳು ತೆಗ್ಯಕ್ಕೆ ಸಲೀಸು."

ಮುಳ್ಳಿನ ಮಾತು ಬಂದಮೇಲೆ ಅವನಿಗೆ ಹೊಳೆಯಿತು. ಅಜ್ಜಿ ಕೇಳುತ್ತಿರುವುದು ಕೆರೆಯ ಜಿಲೇಬಿ ಮೀನನ್ನು. ಊರೂರಿಗೆ ಮೀನು ಮಾರಲು ಬರುವವರ ಬೈಕಿನಲ್ಲೂ ಇಂಥದೇ ನೀಲಿ ಡಬ್ಬ. ಅರ್ಪಿತ ಆಗಲೇ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ದಿಲೀಪ ಪೆಟ್ಟಿಗೆ ತೆಗೆದು ತೋರಿಸಿದ.

ಅಜ್ಜಿ ಮೂಗು ತೂರಿಸಿ ನೋಡಿದಳು. "ಮೀನಿಲ್ದೆ ಮೀನಿನ ಡಬ್ಬ ಕಟ್ಕಂಡು ಯಾಕ್ಲಾ ತಿರುಗ್ತೀಯ, ಜನಕ್ಕೆ ಆಸೆ ತೋರ್ಸಿ!" ಎಂದು ಬೈದು, ಅವನು ಕೊಟ್ಟ ಜಿಲೇಬಿಯನ್ನು ಮಾತ್ರ ಪಾತ್ರೆಗೆ ಹಾಕಿಕೊಂಡು ಹೋದಳು.

ನಾಗಮಂಗಲದ ದಾರಿಯಲ್ಲಿ ಮಳೆ ಹಿಡಿಯಿತು. ದಿಲೀಪನಿಗೆ ಖುಷಿಯೋ ಖುಷಿ.

"ಬರ್ಲಿ ಬುಡು! ಪೆಟ್ಟಿಗೆ ನೆನೆಯಾಕಿಲ್ಲ!"

"ನಾವು?" ಎಂದಳು ಹಿಂದಿನಿಂದ ಅರ್ಪಿತ.

ಸೂರು ಸೇರುವ ಆತುರದಲ್ಲಿ ಅವನು ಮಾವನ ಮನೆಯ ಗೇಟಿನೊಳಗೆ ಬೈಕು ನುಗ್ಗಿಸಿದ. ಬೈಕು ಈಗ ಮೊದಲಿಗಿಂತ ಅಗಲವೆಂಬುದು ಮರೆತೇಹೋಗಿತ್ತು. ಬಟ್ಟೆಯ ಪೆಟ್ಟಿಗೆ ಕಲ್ಲುಕಂಬಕ್ಕೆ ಢಬ್ಬೆಂದು ಬಡಿದು, ಚೌಕಟ್ಟು ಸೊಟ್ಟಗಾಗಿ, ಚಿಲಕ ಕಚ್ಚಿಕೊಂಡಿತು. ದಿಲೀಪ ಎಳೆದ, ಮಾವ ನಿಂಗರಾಜು ಎಳೆದರು, ಅಲುಗಲಿಲ್ಲ. ಒಣಬಟ್ಟೆ ಪೆಟ್ಟಿಗೆಯೊಳಗೆ, ಒದ್ದೆಮೈ ಹೊರಗೆ. ಅತ್ತೆ ಮಗಳಿಗೆ ತಮ್ಮ ಸೀರೆ ಕೊಟ್ಟರು. ಅಳಿಯ ಮಾವನ ಪಂಚೆ ಸುತ್ತಿಕೊಂಡು ಚಳಿಗೆ ನಡುಗುತ್ತಾ ನಿಂತ.

ಕೊನೆಗೆ ಮಾವ ಹಾರೆ ತಂದು ಮೀಟಿದರು. ಲಟಕ್ಕನೆ ಬಾಗಿಲು ಕಿತ್ತುಬಂತು. ದಿಲೀಪ ಕೈ ಹಾಕಿ ಬಟ್ಟೆಯ ತಳದವರೆಗೂ ತಡಕಿದ. ಮುಖ ಅರಳಿತು.

"ನೋಡಿ ಮಾವ, ಒಂದ್ ಹನಿ ಇಲ್ಲ!"

ನಿಂಗರಾಜು ಹಾರೆ ಊರಿಕೊಂಡು ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅಳಿಯನನ್ನೂ ನೋಡಿದರು.

"ಬೋ ಚೆಂದಾಗಿ ಮಾಡೀರಿ ಅಳಿಯಂದ್ರೇ. ಮೊದ್ಲು ಒಂದು ಚಡ್ಡಿ ತೆಕ್ಕಂಡು ಒಳೀಕೆ ನಡೀರಿ, ಪಂಚೆ ಜಾರ್ತಾ ಐತೆ."