ನನ್ನ ಮುಖ ನನಗಿರಲಿ

ನಾನು ಒಂದು ಕಾರು. ಅದರಲ್ಲೂ ಒಂದು ಕಾಲಕ್ಕೆ ಸಾಹುಕಾರರ ಮನೆ ಮುಂದೆ ಮಾತ್ರ ನಿಲ್ಲುತ್ತಿದ್ದ ದೊಡ್ಡ ಸಲೂನ್ ಕಾರು. ಜಂಬಕ್ಕೆ ಹೇಳುತ್ತಿಲ್ಲ. ಈಗ ನಮ್ಮ ಕುಲದ ಹೆಸರಿಟ್ಟುಕೊಂಡು ರಸ್ತೆಗೆ ಇಳಿಯುವ ಹೊಸ ಗಾಡಿಗಳನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಲೋಹವಾಗುವ ಮೊದಲು ಜೇಡಿಮಣ್ಣಿನ ಮಾದರಿಯಾಗಿದ್ದೆ. ಒಬ್ಬ ಮುದುಕ ಆ ಮಣ್ಣಿನ ಮೇಲೆ ಅಂಗೈ ಆಡಿಸುವುದು, ಕೆರೆಯುವುದು, ಮತ್ತೆ ಅಂಗೈ ಆಡಿಸುವುದು, ಹೀಗೆ ಎಷ್ಟೋ ದಿನ ಮಾಡಿ ಪಕ್ಕೆಯ ಗೆರೆ ತಿದ್ದಿದ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ, ಎಲ್ಲೂ ತಡವರಿಸುವುದಿಲ್ಲ. ಮುಖದಲ್ಲಿ ದುಂಡು ದೀಪಗಳು, ನಡುವೆ ತೆಳು ಬೆಳ್ಳಿ ಬಣ್ಣದ ಜಾಲರಿ, ಬಾನೆಟ್ಟಿನ ತುದಿಯಲ್ಲಿ ಹೆಬ್ಬೆರಳುದ್ದದ ಒಂದು ಲೋಹದ ಎಲೆ. ಅಷ್ಟೇ ನನ್ನ ಒಡವೆ. ಆ ಜಾಲರಿಯೂ ಬರೀ ಅಲಂಕಾರಕ್ಕಲ್ಲ, ನಾನು ಉಸಿರಾಡುವುದೇ ಅದರಿಂದ.

ನನ್ನ ಮೊದಲ ಒಡೆಯ ಬೆಳಗಾವಿಯ ಹೋಟೆಲ್ ಮಾಲೀಕ ಪೋತದಾರ. ಎರಡು ವರ್ಷ ನನ್ನನ್ನು ಮೆರೆಸಿದ. ಆಮೇಲೆ ಇನ್ನೊಂದು ಕಾರು ಕಣ್ಣಿಗೆ ಬಿತ್ತು. "ಇದರ ಮಾರಿ ಭಾಳ ಸಪ್ಪಗೈತಿ, ಎದುರಿನವರು ದಾರಿನ ಬಿಡೂದಿಲ್ಲ" ಎಂದು ನನ್ನನ್ನು ಮಾರಿದ. ದಾರಿ ಬಿಡಿಸಿಕೊಳ್ಳಲು ಹಾರನ್ ಇದೆಯಲ್ಲ ಮಾರಾಯಾ, ಮುಖ ಯಾಕೆ ಬೇಕು?

ಕೊಂಡವನು ಹುಬ್ಬಳ್ಳಿಯ ಪಾತ್ರೆ ಅಂಗಡಿಯ ಚನ್ನವೀರಪ್ಪ. ನಿಜವಾಗಿ ಆರಿಸಿದ್ದು ಅವನ ಹೆಂಡತಿ ನೀಲವ್ವ. ತುಂಬು ಬಸುರಿ, ಸೊಂಟಕ್ಕೆ ಕೈ ಕೊಟ್ಟು ನನ್ನ ಮುಂದೆ ನಿಂತು ನೋಡಿದಳು. "ಇದನ್ನ ತಗೊಳ್ರಿ. ಮನಿಗೆ ಬಂದವರನ್ನ ಬರ್ರಿ, ಕುಂದರ್ರಿ ಅನ್ನೂವಂಗೈತಿ ಇದರ ಮಾರಿ" ಎಂದಳು. ಮುಂದಿನ ತಿಂಗಳು ಅವಳ ಮಗಳು ಅಂಬಿಕಾ ಆಸ್ಪತ್ರೆಯಿಂದ ಮನೆಗೆ ಬಂದದ್ದು ನನ್ನ ಹಿಂದಿನ ಸೀಟಿನಲ್ಲಿ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ನೀಲವ್ವ ತಾಟು ಹಿಡಿದು ಬಂದು, ಎಲೆಯ ಕೆಳಗೆ ವಿಭೂತಿ ಹಚ್ಚಿ, ಕಾಯಿ ಒಡೆಸುತ್ತಿದ್ದಳು. ನನ್ನ ಒಳಗೆ ಎಷ್ಟು ಕಿಡಿಯಿದ್ದರೂ ಮುಖ ಶಾಂತವಾಗಿರುತ್ತಿತ್ತು. ಮರ್ಯಾದಸ್ಥರ ಲಕ್ಷಣ ಅದು.

ಈಗಿನವಕ್ಕೆ ಹುಟ್ಟಿನಿಂದಲೇ ಸಿಟ್ಟು! ಯಾರ ಮೇಲೆ, ಏನಾಗಿದೆಯೆಂದು ಕೇಳಿದರೆ ಉತ್ತರವಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಬಂಪರಿನವರೆಗೆ ಬಾಯಿ ತೆರೆದುಕೊಂಡು, ಹಾಲು ತರಲು ಹೋಗುವಾಗಲೂ ಜಗಳಕ್ಕೆ ಹೊರಟವರಂತೆ ಹೋಗುತ್ತವೆ. ಬಂಪರಿನ ಎರಡೂ ಬದಿಗೆ ದೊಡ್ಡ ದೊಡ್ಡ ತೂತು, ಬೆರಳು ಹಾಕಿದರೆ ಒಳಗೆ ಪ್ಲಾಸ್ಟಿಕ್ ಗೋಡೆ. ಹಿಂದೆ ಹೊಗೆ ಕೊಳವೆಯ ಫಳಫಳ ಬಾಯಿ, ಹೊಗೆ ಬರುವುದು ಬೇರೆಲ್ಲಿಂದಲೋ. ಪಕ್ಕೆಯಲ್ಲಿ ಗೆರೆ ಎಳೆದವನಿಗೇ ಅದು ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ, ಅರ್ಧಕ್ಕೆ ಬಿಟ್ಟು ಇನ್ನೊಂದು ಎಳೆದಿದ್ದಾನೆ. ಒಳಗೆ ಟಿ.ವಿ. ಅಂಗಡಿ, ಮೇಲೆ ನೇರಳೆ ದೀಪ. ಅವುಗಳ ಎಂಜಿನ್ ನನ್ನದಕ್ಕಿಂತ ನಯ, ಬ್ರೇಕ್ ನನ್ನದಕ್ಕಿಂತ ಚುರುಕು, ಒಪ್ಪುತ್ತೇನೆ. ಅದಕ್ಕೇ ನನ್ನ ಸಿಟ್ಟು ಇಮ್ಮಡಿ. ಒಳಗೆ ಇಷ್ಟು ಗುಣ ಇಟ್ಟುಕೊಂಡು ಹೊರಗೆ ಈ ಅವತಾರ ಯಾಕೆ?

ಅಂಥದ್ದೊಂದು ಕಾರು ಅಂಬಿಕಾಳ ನಿಶ್ಚಿತಾರ್ಥದ ದಿನ ನಮ್ಮ ಅಂಗಳಕ್ಕೇ ಬಂತು. ಇಳಿದವನು ಹುಡುಗನ ತಂದೆ, ಗದಗಿನ ಮಹಾಂತಪ್ಪ. ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತ ನನ್ನ ಸುತ್ತ ಒಂದು ಸುತ್ತು ಬಂದ.

"ಗಾಡಿ ಭಾಳ ಹಳೇದಾತಲ್ರೀ ಬೀಗರ. ಮದುವಿ ದಿನ ಹುಡುಗಿನ್ನ ನಮ್ಮ ಗಾಡ್ಯಾಗ ಕಳಸ್ರಿ."

ಅಂಬಿಕಾ ತಲೆ ತಗ್ಗಿಸಿಯೇ ಇದ್ದಳು, ಮಾತು ಮಾತ್ರ ತಗ್ಗಲಿಲ್ಲ. "ಇಲ್ರಿ ಮಾವಾರ. ನಾ ಹುಟ್ಟಿ ಮನಿಗೆ ಬಂದಿದ್ದು ಇದರಾಗ. ಮನಿ ಬಿಟ್ಟು ಹೋಗೂದೂ ಇದರಾಗನ."

ಮಹಾಂತಪ್ಪ ನಕ್ಕ. ಚನ್ನವೀರಪ್ಪ ನಗಲಿಲ್ಲ. ಮಗಳ ಮಾತನ್ನೂ ಮುರಿಯಲಾರ, ಬೀಗರ ಮಾತನ್ನೂ ನುಂಗಲಾರ. ಕೊನೆಗೆ ಎರಡನ್ನೂ ಉಳಿಸಲು ಹೋಗಿ ನನ್ನ ಮುಖಕ್ಕೇ ಕೈ ಹಚ್ಚಿದ.

ಸರ್ವಿಸ್ ಎಂದು ಮನೆಯಲ್ಲಿ ಸುಳ್ಳು ಹೇಳಿ ಒಂದು ಗ್ಯಾರೇಜಿಗೆ ಕರೆದೊಯ್ದ. "ಹೊಸಾ ಮಾರಿ ಕೂಡಸೋಣ್ರಿ ಅಣ್ಣಾರ. ನಿಮ್ಮ ಬೀಗರಿಗೂ ಗುರ್ತು ಹತ್ತಬಾರದು" ಎಂದ ಗ್ಯಾರೇಜಿನವ. ನನ್ನ ಮೂತಿಗೆ ಡ್ರಿಲ್ ಇಟ್ಟು ನಾಲ್ಕು ಕಡೆ ಕೊರೆದರು. ಎಲೆಯನ್ನು ಕಿತ್ತು ಹಳೆಯ ನಟ್ಟುಗಳ ಡಬ್ಬಿಗೆ ಎಸೆದರು. ನಮ್ಮ ಡ್ರೈವರ್ ದಾವಲಸಾಬ ಅದನ್ನು ಹೆಕ್ಕಿ, ಒರೆಸಿ, ನನ್ನೊಳಗಿನ ಸಿಗರೇಟಿನ ಬೂದಿ ಡಬ್ಬಿಯಲ್ಲಿಟ್ಟ. ಆಮೇಲೆ ನನ್ನ ಮುಖದ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ಮುಖ ಬಿಗಿದರು. ಅಗಲವಾದ ಬಾಯಿ, ಉರಿಗಣ್ಣು. ಜಾಲರಿಯಂತೆ ಕಾಣುತ್ತಿತ್ತು, ಆದರೆ ತೂತುಗಳೇ ಇರಲಿಲ್ಲ.

ಮರುದಿನ ಅಮಾವಾಸ್ಯೆ. ನೀಲವ್ವ ತಾಟು ಹಿಡಿದು ಬಂದವಳು ಅಂಗಳದಲ್ಲೇ ನಿಂತಳು.

"ಈ ಗಾಡಿ ಯಾರದು?"

"ನಮ್ದ. ಮಾರಿ ಅಷ್ಟ ಹೊಸಾದು" ಎಂದ ಚನ್ನವೀರಪ್ಪ. "ಹೆಂಗ ಕಾಣಸ್ತೈತಿ?"

"ನನ್ನ ನೋಡಿ ಹಲ್ಲು ಕಿಸದಂಗ ಕಾಣಸ್ತೈತಿ. ಇಪ್ಪತ್ತೈದು ವರ್ಷ ಈ ಮಾರಿಗೆ ಪೂಜಿ ಮಾಡಿದಾಕಿನ್ನ ಒಂದ್ ಮಾತ್ ಕೇಳಬೇಕು ಅನಸಲಿಲ್ಲ ನಿಮಗ?"

"ಬೀಗರ ಮುಂದ ಮರ್ಯಾದಿ ಬ್ಯಾಡೇನ?"

ಅವಳು ತಾಟು ಹಿಡಿದುಕೊಂಡೇ ಒಳಗೆ ಹೋದಳು. ಆ ಅಮಾವಾಸ್ಯೆಗೆ ನನಗೆ ವಿಭೂತಿಯಿಲ್ಲ. ಆಮೇಲೆ ಅಂಬಿಕಾ ಬಂದು ಪಕ್ಕೆಯ ಗೆರೆಯ ಮೇಲೆ ಬೆರಳಾಡಿಸುತ್ತ ಅಪ್ಪನಿಗೆ, "ಇರ್ಲಿ ಬಿಡಪ್ಪಾ, ಹಿಂದಿನಿಂದ ನೋಡಿದ್ರ ಇನ್ನೂ ನಮ್ದ ಅನಸ್ತೈತಿ" ಎಂದಳು. ಅವಳು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮದುವೆಯ ದಿನ ಸುಡು ಬಿಸಿಲು. ರಾಹುಕಾಲ ಹತ್ತುವುದರೊಳಗೆ ಮದುಮಗಳು ಕಲ್ಯಾಣ ಮಂಟಪ ಬಿಟ್ಟು ಗದಗಿನ ದಾರಿ ಹಿಡಿಯಬೇಕು ಎಂದು ಹಿರಿಯರು ಹೇಳಿದ್ದರು. ಮುಂದೆ ಬ್ಯಾಂಡಿನವರು, ಅವರ ಹಿಂದೆ ಮಹಾಂತಪ್ಪನ ಹೊಸ ಕಾರು, ಅದರ ಹಿಂದೆ ಮದುಮಕ್ಕಳನ್ನು ಕೂರಿಸಿಕೊಂಡು ನಾನು. ಎರಡಕ್ಕೂ ಚೆಂಡುಹೂವಿನ ದಪ್ಪ ಹಾರ. ಹೊಸದಕ್ಕೆ ಸಾಲದೆಂದು ಬಂಪರಿಗೆ ಎರಡು ಬಾಳೆಕಂದು ಬೇರೆ ಕಟ್ಟಿದ್ದರು. ಅದರ ಮುಖದಲ್ಲಿ ದಾರಿ ನೋಡಿ ತಾವೇ ಬ್ರೇಕ್ ಹಾಕುವ ಯಂತ್ರಗಳೆಲ್ಲ ಅಡಗಿವೆಯೆಂದು ಹೂ ಕಟ್ಟುವವರಿಗೆ ಹೇಗೆ ಗೊತ್ತಾಗಬೇಕು? ಮುಖವನ್ನು ಮುಖದಂತೆ ಮಾಡದಿದ್ದರೆ ಹೀಗೇ ಆಗುತ್ತದೆ.

ಹೊಸ ಕಾರು ನಾಲ್ಕು ಮಾರು ಹೋಯಿತು, ಕಿರುಚಿತು, ಗಕ್ಕನೆ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ತನ್ನ ಮೂಗಿನ ಮೇಲಿನ ಹೂವನ್ನೇ ಗೋಡೆಯೆಂದು ತಿಳಿದು ಹೆದರುತ್ತಿತ್ತು ಆ ಹುಲಿ! ಅದರ ಡ್ರೈವರ್ ಗಾಜಿನ ಪರದೆಯನ್ನು ತಿವಿದು ತಿವಿದು ಸೋತ, ಅದನ್ನು ಸುಮ್ಮನಾಗಿಸುವ ಗುಂಡಿ ಸಿಗಲಿಲ್ಲ.

"ಹಾರ ತಗೀರಿ" ಎಂದ ಯಾರೋ.

"ಮದುಮಗಳು ಮನಿ ಮುಟ್ಟೂತನಕ ಹಾರ ತಗೀಬಾರದು!" ಎಂದು ಹಿರಿಯರೆಲ್ಲ ಒಟ್ಟಿಗೆ ಗದರಿದರು.

ಅದರ ಹಿಂದೆ ಬಿಸಿಲಲ್ಲಿ ನಿಂತ ನನಗೆ ಉಸಿರು ಕಟ್ಟಿತು. ಹೊಸ ಬಾಯಿ ಅಷ್ಟಗಲ ತೆರೆದಿತ್ತು, ಒಳಗೆ ಒಂದು ಗುಟುಕು ಗಾಳಿ ಬರಲಿಲ್ಲ. ಕಾವಿನ ಮುಳ್ಳು ಏರಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬ್ಯಾಂಡು ನಿಂತಿತು. ಒಳಗೆ ಅಂಬಿಕಾಳ ಪಕ್ಕದಲ್ಲಿ ಮದುಮಗ, ಪಾಪ, ಪೇಟದ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದ.

"ಹುಡುಗಿನ್ನ ಇಳಿಸಿ ಒಳಗ ಕರಕೊಳ್ರಿ" ಎಂದ ಮಹಾಂತಪ್ಪ.

"ಹೊರಗ ಇಟ್ಟ ಹೆಜ್ಜಿ ಹಿಂದಕ್ಕ ಇಡಂಗಿಲ್ರಿ" ಎಂದರು ಹಿರಿಯರು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ರಾಹುಕಾಲಕ್ಕೆ ಅರ್ಧ ಗಂಟೆ ಕೂಡ ಇರಲಿಲ್ಲ. ಅಂಬಿಕಾ ಕಣ್ಣು ತುಂಬಿಕೊಂಡು ನನ್ನ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು.

ಆಗ ನೀಲವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ನನ್ನ ಹಾರಕ್ಕೆ ಕೈ ಹಾಕಿದಳು. "ಏ ಯವ್ವಾ, ತಗೀಬ್ಯಾಡ!" ಎಂದು ಕೂಗು ಎದ್ದಿತು.

"ಯಾಕ ತಗೀಬಾರದು? ಹಾರ ಹಾಕೂದು ಮಾರಿಗೆ. ಇದು ನಮ್ಮ ಗಾಡಿ ಮಾರಿನ ಅಲ್ಲ" ಎಂದು ಹಾರ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಪ್ಲಾಸ್ಟಿಕ್ ಮುಖದ ಒಂದು ಅಂಚು ಹಿಡಿದು ಎಳೆದಳು. ಅದು ಬಗ್ಗಿತು, ಬಿಡಲಿಲ್ಲ. ಚನ್ನವೀರಪ್ಪ ಗಂಡಸರ ಗುಂಪಿನಲ್ಲಿ ನಿಂತು ನೋಡುತ್ತಿದ್ದ. ಒಮ್ಮೆ ಬೀಗರ ಕಡೆ ನೋಡಿದ, ಒಮ್ಮೆ ಮಗಳ ಕಡೆ ನೋಡಿದ. ಆಮೇಲೆ ಬಂದು ಇನ್ನೊಂದು ಅಂಚು ಹಿಡಿದ.

"ಎಳೀರಿ" ಎಂದಳು ನೀಲವ್ವ.

ಲಟ್ಟನೆ ಮುರಿದು ಬಂತು. ಗಾಳಿ ನನ್ನ ಜಾಲರಿಯೊಳಗೆ ನುಗ್ಗಿತು. ದಾವಲಸಾಬ ನನ್ನನ್ನು ತಣಿಯಲು ಬಿಟ್ಟು, ಅಡುಗೆ ಮನೆಯಿಂದ ಕೊಡಪಾನದಲ್ಲಿ ನೀರು ತಂದು ರೇಡಿಯೇಟರಿಗೆ ಸುರಿದ. ಬೂದಿ ಡಬ್ಬಿಯಿಂದ ಎಲೆ ತೆಗೆದು ನೀಲವ್ವನ ಕೈಗೆ ಕೊಟ್ಟ. ಕೂಡಿಸಲು ನಟ್ಟು ಇರಲಿಲ್ಲ. ಅವಳು ಅರಿಷಿಣದ ದಾರದಿಂದ ಅದನ್ನು ಬಿಗಿದು ಕಟ್ಟಿ, ಅದೇ ಹಾರವನ್ನು ನನ್ನ ಮುಖಕ್ಕೆ ಹಾಕಿದಳು. 

ಹೊಸ ಕಾರನ್ನು ಬದಿಯಿಂದ ದಾಟಿ, ರಾಹುಕಾಲ ಹತ್ತುವ ಮೊದಲೇ ನಾನು ಊರ ಹೊರಗಿನ ರಸ್ತೆಯಲ್ಲಿದ್ದೆ. ಮುಂದಿನ ಸೀಟಿನಲ್ಲಿ ಮಹಾಂತಪ್ಪ, ಯಾಕೆಂದರೆ ಅವನ ಕಾರು ಇನ್ನೂ ಹೂವಿಗೆ ಹೆದರುತ್ತ ಮಂಟಪದ ಮುಂದೆಯೇ ನಿಂತಿತ್ತು. ಅಣ್ಣಿಗೇರಿ ದಾಟಿದೆವು. ಆಮೇಲೆ, "ಸೀಟು ಚೊಲೊ ಅದಾವು ಬಿಡವಾ" ಎಂದ ಸೊಸೆಗೆ.

ಇದೆಲ್ಲ ಆಗಿ ಕೆಲವು ಮಳೆಗಾಲ ಕಳೆದಿವೆ. ಈಗ ನಾನು ಪಾತ್ರೆ ಗೋದಾಮಿನ ಹಿಂದೆ ತಗಡಿನ ನೆರಳಲ್ಲಿದ್ದೇನೆ. ಆ ಪ್ಲಾಸ್ಟಿಕ್ ಮುಖವೂ ಎದುರಿಗೇ ಇದೆ. ಚನ್ನವೀರಪ್ಪ ಕಟ್ಟಿಸುತ್ತಿರುವ ಹೊಸ ಗೋದಾಮಿಗೆ ಕೆಟ್ಟ ಕಣ್ಣು ಬೀಳದಿರಲೆಂದು ಅದನ್ನು ದೃಷ್ಟಿಗೊಂಬೆ ಮಾಡಿ ತೂಗುಹಾಕಿದ್ದಾರೆ. ಅದಕ್ಕೆ ತಕ್ಕ ಕೆಲಸ ಸಿಕ್ಕಿದೆ. ಆ ಮುಖದ ನಕ್ಷೆ ಬರೆದವನಿಗೆ ಒಮ್ಮೆ ತೋರಿಸಬೇಕೆಂದು ನನಗೆ ಆಸೆ.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯುವುದೂ ಇಲ್ಲ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಪಕ್ಕೆಯ ಗೆರೆ ನೆಟ್ಟಗಿದೆ. ಆದರೆ ಮೂತಿಗೆ ಕೊರೆದ ಆ ನಾಲ್ಕು ತೂತುಗಳಿಂದ ನೀರು ಇಳಿದು ತುಕ್ಕು ಹಿಡಿದಿದೆ. ವರ್ಷ ವರ್ಷ ಅಗಲವಾಗುತ್ತಿದೆ. ನನ್ನನ್ನು ಮುಗಿಸುವುದು ವಯಸ್ಸಲ್ಲ, ಹೊಸದಾಗಿ ಕಾಣಬೇಕೆಂದು ಕೊರೆದ ತೂತುಗಳು.

ಅಮಾವಾಸ್ಯೆಗೆ ನೀಲವ್ವ ಈಗಲೂ ತಾಟು ಹಿಡಿದು ಬರುತ್ತಾಳೆ. ಮೊದಲು ಎಲೆಯ ಕೆಳಗೆ ವಿಭೂತಿ ಹಚ್ಚುತ್ತಾಳೆ. ಆಮೇಲೆ ಒಂದೊಂದೇ ತೂತಿನ ಮೇಲೆ ಬೆರಳಿಟ್ಟು, ತುಕ್ಕು ಕಾಣದಷ್ಟು ದಪ್ಪಗೆ ಹಚ್ಚುತ್ತಾಳೆ.