ಬಾಗಿಲು ಮುಚ್ಚಿ ಮಾಡಿದ ಪ್ರಾರ್ಥನೆ

ಭಾನುಮತಿಯಮ್ಮ ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ‘ಮೂಢನಂಬಿಕೆಗಳ ದುಷ್ಪರಿಣಾಮ’ ಅಂತ ಮಕ್ಕಳ ಕೈಯಲ್ಲಿ ವರ್ಷಕ್ಕೊಂದು ಪ್ರಬಂಧ ಬರೆಸುತ್ತಿದ್ದವರು. ಅಂಥವರು ಅಮೆರಿಕದ ಹೋಬೋಕನ್ನಿನ ಮಗನ ಮನೆಯಲ್ಲಿ ಕೂತು, ಎರಡು ಸಾವಿರದ ಇಸವಿ ಇನ್ನೇನು ಬಂತು ಅನ್ನುವಾಗ, ಮೊಮ್ಮಗಳಿಗೆ ಮಾಟ ಮಾಡಿದಳು ಎಂದು ಕೂಗಾಡಿ ಮಗು ನೋಡಿಕೊಳ್ಳುವ ಹೆಂಗಸನ್ನು ಮನೆ ಬಿಟ್ಟು ಓಡಿಸಿದರು ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ನಡೆದದ್ದೇ ಹಾಗೆ.

ಮಗ ದಿವಾಕರ, ಸೊಸೆ ಹಂಸಾ ಇಬ್ಬರೂ ಕಂಪ್ಯೂಟರಿನವರು. ಇಸವಿ ಬದಲಾದಾಗ ಬ್ಯಾಂಕುಗಳ ಕಂಪ್ಯೂಟರಿಗೆ ತಲೆ ಕೆಡದ ಹಾಗೆ ನೋಡಿಕೊಳ್ಳುವ ಕೆಲಸ. ಆ ವರ್ಷ ಅವರಿಗೆ ಶನಿವಾರವೂ ಇಲ್ಲ, ಹಬ್ಬವೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಅವನು ಟ್ರೇನು, ಅವಳು ಫೆರಿ ದೋಣಿ ಹಿಡಿದು ನದಿಯಾಚೆಯ ಮ್ಯಾನ್‌ಹಟನ್ನಿಗೆ ಹೊರಟರೆಂದರೆ ಮೂರು ವರ್ಷದ ಶರ್ವಾಣಿ ಮಿಸ್ ಐಡಾ ಕೈಗೆ. ಐಡಾ ಅವರಿಗೆ ಐವತ್ತೆಂಟಿರಬಹುದು. ಸೇಂಟ್ ವಿನ್ಸೆಂಟ್ ಎಂಬ ದ್ವೀಪದವರು. ಕೆರಿಬಿಯನ್ ಸಮುದ್ರದಲ್ಲಿ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲದ ಜಾಗ ಅದು. ಬ್ರೂಕ್ಲಿನ್ನಿನಿಂದ ಎರಡು ಟ್ರೇನು ಬದಲಾಯಿಸಿ ಏಳೂವರೆಗೆ ಸರಿಯಾಗಿ ಬೆಲ್ ಮಾಡುತ್ತಿದ್ದರು. ಹೆಚ್ಚು ಮಾತಿಲ್ಲ. ಮಗುವಿಗಂತೂ ಅವರೆಂದರೆ ಪ್ರಾಣ.

ಭಾನುಮತಿಯಮ್ಮ ಆರು ತಿಂಗಳ ವೀಸಾ ಮೇಲೆ ಬಂದಿದ್ದರು. ನವೆಂಬರ್ ಮಧ್ಯಕ್ಕೆ ವಾಪಸ್ಸು. ಅಕ್ಟೋಬರ್ ಕೊನೆಯಲ್ಲಿ ಮಗುವಿಗೆ ಜ್ವರ ಬಂತು. ಡಾಕ್ಟರು ವೈರಸ್ ಅಂದರು, ಸಿರಪ್ ಕೊಟ್ಟರು. ಎರಡು ದಿನವಾದರೂ ಬಿಡಲಿಲ್ಲ. ಮೂರನೆಯ ದಿನ ಅಜ್ಜಿಗೆ ತಡೆಯಲಾಗಲಿಲ್ಲ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ಮೂರು ಸುತ್ತು ನಿವಾಳಿಸಿ, ಕಾದ ಕಾವಲಿ ಮೇಲೆ ಸುರಿದರು. ಅಮೆರಿಕದ ಮನೆ ಇದನ್ನೆಲ್ಲ ಸಹಿಸುತ್ತದೆಯೇ? ಸ್ಮೋಕ್ ಅಲಾರಂ ಕಟ್ಟಡವೇ ಎದ್ದು ಕೂರುವ ಹಾಗೆ ಕಿರುಚಿಕೊಂಡಿತು. ಐಡಾ ಕೆಮ್ಮುತ್ತಲೇ ಕುರ್ಚಿ ಹತ್ತಿ ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸಿದರು. ಕಿಟಕಿ ತೆಗೆದರು. ಏನಿದು, ಯಾಕಿದು ಅಂತ ಒಂದು ಮಾತು ಕೇಳಲಿಲ್ಲ.

ಮಾರನೆಯ ದಿನ ಭಾನುಮತಿಯಮ್ಮ ಎರಡು ಮಹಡಿ ಕೆಳಗಿನ ರಾಜಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರು. ಹೋಗಿ ಅರ್ಧ ಗಂಟೆಯೂ ಕೂರಲಿಲ್ಲ, ಮಗುವಿನ ಮೇಲೇ ಮನಸ್ಸು, ಎದ್ದು ಬಂದರು. ನೋಡಿದರೆ ಮಗುವಿನ ಕೋಣೆಯ ಬಾಗಿಲು ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ಬಟ್ಟೆ ತುರುಕಿದೆ. ಕಿವಿಗೊಟ್ಟರೆ ಗಂಟೆಯ ಸದ್ದು, ಅದೂ ಅದುಮಿ ಹಿಡಿದ ಸದ್ದು. ಬಾಗಿಲು ನೂಕಿದರು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತ, ಅದರೊಳಗೆ ಏನೇನೋ ಗೆರೆ. ಒಂದು ಮೇಣದ ಬತ್ತಿ. ತಲೆಗೆ ಬಿಳಿ ಬಟ್ಟೆ ಬಿಗಿದುಕೊಂಡ ಐಡಾ ಬರಿಗಾಲಲ್ಲಿ ನಿಂತು, ಚೊಂಬಿನಿಂದ ಕೋಣೆಯ ನಾಲ್ಕು ಮೂಲೆಗೂ ನೀರು ಹಾಕುತ್ತಾ, ಕಣ್ಣು ಮುಚ್ಚಿ, ಮೈ ನಡುಗಿಸುತ್ತಾ ಏನೋ ಗೊಣಗುತ್ತಿದ್ದಾರೆ. ನಡುವೆ ಮಗು ಮಲಗಿದೆ.

ಭಾನುಮತಿಯಮ್ಮನಿಗೆ ಪಿತ್ತ ನೆತ್ತಿಗೇರಿತು. ಇಂಗ್ಲಿಷು ಮರೆತೇ ಹೋಯಿತು. “ಏನೇ ಮಾಡ್ತಿದೀಯ ನನ್ನ ಮಗೂಗೆ? ಮಾಟ ಮಾಡ್ತಿದೀಯಾ? ಬಾಗ್ಲು ಹಾಕ್ಕೊಂಡು?” ಅಂತ ಕಿರುಚಿದರು. ಆಮೇಲೆ ನೆನಪಾಗಿ, “ಗೆಟ್ ಔಟ್! ಔಟ್!” ಎಂದರು.

ಐಡಾ ವಾದಿಸಲಿಲ್ಲ. ದೀಪ ಆರಿಸಿದರು, ಸೀಮೆಸುಣ್ಣವನ್ನು ಲಂಗದ ಅಂಚಿನಿಂದ ಒರೆಸಿದರು, ಗಂಟೆಯನ್ನು ಚೀಲಕ್ಕೆ ಹಾಕಿಕೊಂಡರು. “ದೇವರ ಹೆಸರಲ್ಲಿ ಮಾಡಿದ್ದು, ಅಮ್ಮ,” ಅಂತಷ್ಟೇ ಹೇಳಿ ಮಗುವಿನ ಪಾದ ಮುಟ್ಟಿ ಹೊರಟುಹೋದರು.

ಸಂಜೆ ಹಂಸಾ ಕೇಳಿ ತಲೆ ಮೇಲೆ ಕೈ ಹೊತ್ತುಕೂತಳು. “ಅತ್ತೆ, ನಿನ್ನೆ ನೀವು ಮೆಣಸಿನಕಾಯಿ ಸುಟ್ಟು ಮನೆಯೆಲ್ಲ ಹೊಗೆ ಎಬ್ಬಿಸಿದಾಗ ಅವರು ಪೊಲೀಸಿಗೆ ಫೋನ್ ಮಾಡಿದ್ರಾ?”

“ಅದು ಬೇರೆ, ಇದು ಬೇರೆ ಕಣೇ. ನಾನು ಬಾಗ್ಲು ಮುಚ್ಕೊಂಡು ಮಾಡಿದ್ನಾ? ಒಳ್ಳೇದು ಮಾಡೋರಿಗೆ ಕದ್ದುಮುಚ್ಚಿ ಮಾಡೋ ಹಣೆಬರಹ ಯಾಕೆ?”

ನಿಜ ಹೇಳಬೇಕೆಂದರೆ ಭಾನುಮತಿಯಮ್ಮನ ಅನುಮಾನವೆಲ್ಲ ಆ ಮುಚ್ಚಿದ ಬಾಗಿಲಿನ ಮೇಲೇ ನಿಂತಿತ್ತು.

ಜ್ವರ ಇಳಿಯಿತು, ಮಗುವಿನ ಹಟ ಏರಿತು. “ನೋ ಅಜ್ಜಿ! ಐ ವಾಂಟ್ ಮಿಸ್ ಐಡಾ!” ಊಟವಿಲ್ಲ, ನಿದ್ದೆಯಿಲ್ಲ. ಹೊಸದಾಗಿ ಬಂದ ಒಬ್ಬಳು ದಿನವೆಲ್ಲ ಟಿವಿ ನೋಡಿದಳು. ಇನ್ನೊಬ್ಬಳನ್ನು ಶರ್ವಾಣಿಯೇ ಕಚ್ಚಿ ಓಡಿಸಿದಳು. ಅತ್ತೆ ಊರಿಗೆ ಹೊರಡಲು ಹತ್ತೇ ದಿನ. ಹಂಸಾ ಒಂದು ರಾತ್ರಿ ಊಟದ ತಟ್ಟೆಯ ಮುಂದೆ ಕೂತು, “ನಾನು ರಿಸೈನ್ ಮಾಡ್ತೀನಿ, ಬೇರೆ ದಾರಿ ಇಲ್ಲ,” ಎಂದು ಅತ್ತುಬಿಟ್ಟಳು. ಅವಳ ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಮೊದಲ ಹೆಣ್ಣು ಅವಳು. ಭಾನುಮತಿಯಮ್ಮ ತಟ್ಟೆ ಸರಿಸಿ ಎದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ದಿವಾಕರ ಫೋನ್ ಮಾಡಿದ. ಐಡಾ ಮರ್ಯಾದೆಯಿಂದಲೇ ಮಾತಾಡಿದರು. ಕೋಪವಿಲ್ಲ, ಆದರೆ ಬರುವುದಿಲ್ಲ ಎಂದರು. ಅವನು ಬಿಡದೆ ಗೋಗರೆದಾಗ, “ಭಾನುವಾರ ನಿಮ್ಮ ತಾಯಿಯನ್ನು ನಮ್ಮ ಚರ್ಚಿಗೆ ಕಳಿಸಿ. ನೋಡೋಣ,” ಎಂದು ವಿಳಾಸ ಹೇಳಿದರು.

ಭಾನುವಾರ ಬ್ರೂಕ್ಲಿನ್ನಿನ ಆ ಬೀದಿಯಲ್ಲಿ ಕಾರು ನಿಲ್ಲಿಸಲು ಸೂಜಿಮೊನೆಯಷ್ಟು ಜಾಗವಿರಲಿಲ್ಲ. “ಅಮ್ಮ, ನೀನು ಇಳಿ, ನಾನು ರೌಂಡ್ ಹೊಡೀತಿರ್ತೀನಿ,” ಎಂದ ದಿವಾಕರ. ಭಾನುಮತಿಯಮ್ಮ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಒಬ್ಬರೇ ಇಳಿದರು. ಚರ್ಚೆಂದರೆ ಗೋಪುರ ಹುಡುಕಿದರು. ಸಿಕ್ಕಿದ್ದು ಬಟ್ಟೆ ಒಗೆಯುವ ಅಂಗಡಿಯ ಪಕ್ಕದ ಒಂದು ಮಳಿಗೆ. ಬಾಗಿಲಲ್ಲಿ ಚಪ್ಪಲಿ, ಶೂಗಳ ಸಾಲು. ಅವರೂ ಬಿಟ್ಟರು. ಒಳಗೆ ನಡುಮಧ್ಯೆ ಹಿತ್ತಾಳೆ ಚೊಂಬಿನಲ್ಲಿ ನೀರು, ನೀರಿನಲ್ಲಿ ಹೂವು, ಪಕ್ಕದಲ್ಲಿ ಗಂಟೆ. ಅರೆ, ಇದೇನು ನಮ್ಮ ದೇವರ ಮನೆಯ ಹಾಗಿದೆಯಲ್ಲ ಎಂದುಕೊಂಡರು. ಕೈ ತಾನಾಗಿ ತೀರ್ಥಕ್ಕೆ ಮುಂದೆ ಹೋಗುವುದರಲ್ಲಿತ್ತು, ಹಿಂದಕ್ಕೆ ಎಳೆದುಕೊಂಡರು.

ದಾರಿಯುದ್ದಕ್ಕೂ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದರು: ‘ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಯಿತು, ಮರೆತುಬಿಡಿ.’ ಐಡಾ ಅವರನ್ನು ಪಕ್ಕಕ್ಕೆ ಕರೆದು, ಮಿಠಾಯಿ ಕೊಟ್ಟು, ಇಷ್ಟು ಹೇಳಿಬಿಟ್ಟರಾಯಿತು. ಆದರೆ ಐಡಾ ಅಲ್ಲಿ ಎಲ್ಲರಿಗೂ ‘ಮದರ್’. ಬಿಳಿ ಬಟ್ಟೆಯಲ್ಲಿ ಎಲ್ಲರ ಮುಂದೆ ನಿಂತಿದ್ದಾರೆ. ಭಾನುಮತಿಯಮ್ಮನನ್ನು ಕಂಡು ತಲೆಯಾಡಿಸಿ, ಜನರ ಕಡೆ ತಿರುಗಿದರು.

“ಇವತ್ತು ಹೊಸಬರಿದ್ದಾರೆ. ಹೊಸಬರಿದ್ದಾಗ ನಮ್ಮ ಕಥೆ ಹೇಳೋದು ಪದ್ಧತಿ.”

ಕಥೆ ಶುರುವಾಯಿತು. ಸೇಂಟ್ ವಿನ್ಸೆಂಟಿನಲ್ಲಿ ಕಬ್ಬಿನ ತೋಟದ ದೊರೆಗಳಿಗೆ ಮಾತ್ರ ಒಂದು ಚರ್ಚು. ಗುಲಾಮರಿಗೆ ಬೈಬಲ್ ಹೇಳಿಕೊಡಲು ಬಂದ ಪಾದ್ರಿಯನ್ನು ಅದೇ ದೊರೆಗಳು ಜೈಲಿಗೆ ಹಾಕಿಸಿದ್ದರು. ಗುಲಾಮಗಿರಿ ಹೋಯಿತು. ಗುಡ್ಡದ ಹಳ್ಳಿಗಳ ಬಡವರು ಅದೇ ಬೈಬಲ್ಲನ್ನು ತಮ್ಮದೇ ರೀತಿಯಲ್ಲಿ ಹಿಡಿದರು. ಗಂಟೆ, ಹೂವು, ನೀರು, ಬರಿಗಾಲು, ಆವೇಶ ಬಂದಾಗ ಮೈ ನಡುಕ. ದೊಡ್ಡವರು ನಕ್ಕರು, ‘ನಡುಗುವವರು’ ಎಂದು ಹೆಸರಿಟ್ಟರು. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಬ್ರಿಟಿಷ್ ಸರಕಾರ ಕಾನೂನನ್ನೇ ತಂದಿತು: ಹೀಗೆ ಪ್ರಾರ್ಥನೆ ಮಾಡುವುದು ಅಪರಾಧ.

“ಐವತ್ಮೂರು ವರ್ಷ ಆ ಕಾನೂನಿತ್ತು,” ಎಂದರು ಐಡಾ. “ನಾನು ಅದರೊಳಗೇ ಹುಟ್ಟಿದೆ. ಅಜ್ಜಿ ಪ್ರಾರ್ಥನೆಗೆ ಮುಂಚೆ ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ, ಗಂಟೆಯ ನಾಲಿಗೆಗೆ ಬೆರಳು ಅಡ್ಡ ಹಿಡಿಯೋರು. ಆದರೂ ಒಂದು ದಿನ ಪೊಲೀಸಿನವನು ಬಾಗಿಲು ಒದ್ದ. ನನಗೆ ಏಳು ವರ್ಷ. ಜ್ವರ ಬಂದು ಮಲಗಿದ್ದೆ. ನನಗೋಸ್ಕರ ಗಂಟೆ ಹೊಡೆದದ್ದಕ್ಕೆ ಅಜ್ಜಿಗೆ ಒಂದು ತಿಂಗಳು ಜೈಲು. ಈಗ ಯಾವ ಕಾನೂನೂ ಇಲ್ಲ. ಆದರೂ ಮಗುವಿಗೆ ಪ್ರಾರ್ಥನೆ ಮಾಡುವಾಗ ನನ್ನ ಕೈ ತಾನಾಗಿ ಹೋಗಿ ಬಾಗಿಲು ಹಾಕುತ್ತೆ.”

ಭಾನುಮತಿಯಮ್ಮ ಬ್ರಿಟಿಷರ ದಬ್ಬಾಳಿಕೆಯ ಪಾಠವನ್ನು ಮೂವತ್ತೊಂದು ವರ್ಷ ಮೇಜು ಕುಟ್ಟಿ ಮಾಡಿದ್ದರು. ಆ ಪಾಠದಲ್ಲಿ ಬಾಗಿಲು ಒದೆಯುವವನ ಜಾಗದಲ್ಲಿ ತಾವೇ ನಿಂತಿರುವುದನ್ನು ಕಂಡು ನಾಚಿಕೆಯಿಂದ ಕುಗ್ಗಿಹೋದರು. ಚೆನ್ನಾಗಿ ಓದಿಕೊಂಡೆಯಮ್ಮ ಚರಿತ್ರೆಯನ್ನ, ಎಂದು ತಮ್ಮನ್ನೇ ಬೈದುಕೊಂಡರು.

ಐಡಾ ಮುಂದುವರಿಸಿದರು. ಈಗ ಊರಲ್ಲಿ ಗುಡ್ಡಕ್ಕೊಂದು ಚರ್ಚು. ಹರೆಯದವರು ಡ್ರಮ್ಮು, ಕೀಬೋರ್ಡು ಇರುವ ಬೇರೆ ಚರ್ಚುಗಳಿಗೆ ಹೋಗುತ್ತಾರೆ, ತಲೆಗೆ ಬಟ್ಟೆ ಕಟ್ಟಲು ನಾಚುತ್ತಾರೆ. “ಹೋಗಲಿ ಬಿಡಿ, ಅದೂ ದೇವರ ಮನೆಯೇ. ಕಷ್ಟ ಬಂದಾಗ ಇಲ್ಲಿಗೇ ಬರ್ತಾರೆ. ಈ ಬೇಸಿಗೆಯಲ್ಲಿ ಈ ಪುಟ್ಟ ಸಭೆಯಿಂದಲೇ ಹನ್ನೊಂದು ಜನ ಸಮುದ್ರಕ್ಕಿಳಿದು ದೀಕ್ಷೆ ತಗೊಂಡರು. ಅದರಲ್ಲಿ ನಾಲ್ಕು ಜನ ಕಾಲೇಜಿನವರು. ಜೈಲಿಗೆ ಹಾಕಿದರೂ ಆರದ ದೀಪ, ಕೀಬೋರ್ಡಿಗೆ ಹೆದರುತ್ತಾ?” ಜನ ನಕ್ಕು ಚಪ್ಪಾಳೆ ತಟ್ಟಿದರು. “ಈಗ ಹೊಸಬರು ಒಂದು ಮಾತು ಹೇಳಬೇಕು.”

ಎಲ್ಲರ ಕಣ್ಣೂ ಸೀರೆಯುಟ್ಟ ಹೆಂಗಸಿನ ಮೇಲೆ. ಭಾನುಮತಿಯಮ್ಮ ಎದ್ದರು. ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿ ಕೂತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹಾಗೆ ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

“ನಾನು ಟೀಚರ್,” ಎಂದರು. “ಇವರು ನನ್ನ ಮೊಮ್ಮಗಳಿಗೆ ಜ್ವರ ಬಂದಾಗ ಪ್ರಾರ್ಥನೆ ಮಾಡಿದರು. ನಾನು ಬಾಗಿಲು ನೂಕಿಕೊಂಡು ಹೋಗಿ, ಕೆಟ್ಟದ್ದು ಮಾಡ್ತಿದೀಯ ಅಂತ ಕಿರುಚಿ, ಮನೆಯಿಂದ ಆಚೆ ಹಾಕಿದೆ. ಏನು ಅಂತ ಕೇಳಲಿಲ್ಲ. ಕೇಳಬೇಕಿತ್ತು. ನನ್ನ ಸೊಸೆ ಕೆಲಸಕ್ಕೋಸ್ಕರ ಇವರನ್ನ ಕರೆಯೋಣ ಅಂತ ಇಲ್ಲಿಗೆ ಬಂದೆ. ಈಗ ಆ ಮಾತು ಎತ್ತೋ ಮುಖ ನನಗಿಲ್ಲ. ಮಿಸ್ ಐಡಾ, ತಪ್ಪು ನನ್ನದು. ಪೂರ್ತಿ ನನ್ನದು. ಕ್ಷಮಿಸಿ.”

ಭಾನುಮತಿಯಮ್ಮನಿಗೆ ಕಣ್ಣು ತುಂಬಿ ಎದುರಿನದೇನೂ ಕಾಣಲಿಲ್ಲ. ಐಡಾ ನಿಧಾನವಾಗಿ ನಡೆದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಅವರ ಕೆನ್ನೆಯೂ ಒದ್ದೆಯಾಗಿತ್ತು.

“ಆ ಪೊಲೀಸಿನವನು ನಮ್ಮ ಬೀದಿಯವನೇ,” ಎಂದರು. “ಕಾನೂನು ಹೋದ ಮೇಲೂ ದಿನಾ ಅಜ್ಜಿಗೆ ಗುಡ್ ಮಾರ್ನಿಂಗ್ ಹೇಳೋನು. ಈ ಒಂದು ಮಾತು ಮಾತ್ರ ಹೇಳಲಿಲ್ಲ. ಅಜ್ಜಿ ಸಾಯೋ ತನಕ ಅದಕ್ಕೇ ಕಾದಿದ್ದರು. ಇವತ್ತು ಅವರ ಪರವಾಗಿ ನಾನು ಕೇಳಿಸಿಕೊಂಡೆ, ಅಮ್ಮ. ನಾಳೆ ಏಳೂವರೆಗೆ ಬರ್ತೀನಿ.”